ಮೊದಲ 45 ಸರದಿ

ಬೇಸ್‌ಬಾಲ್ ಪಂದ್ಯವೊಂದನ್ನು ನಾನು ಇಂದಿಗೂ ಆರಂಭದಿಂದ ಕೊನೆಯವರೆಗೆ ನೋಡಿಲ್ಲ. ಆದರೂ ಕಳೆದ ಬೇಸಿಗೆ ರಜೆಯಲ್ಲಿ ಸರಿಯಾಗಿ 60 ದಿನ, ಬೆಳಗ್ಗಿನ ಚಹಾ ಕುಡಿಯುತ್ತಾ ನಾನು ಮೊದಲು ಹುಡುಕುತ್ತಿದ್ದದ್ದು ಅಮೆರಿಕದ ಯಾವನೋ ಒಬ್ಬ ಆಟಗಾರ ಆ ದಿನ ಹಿಟ್ ಹೊಡೆದನೋ ಇಲ್ಲವೋ ಎಂಬುದನ್ನು. ಅಲ್ಲಿನ ಪೂರ್ವ ಕರಾವಳಿಯಲ್ಲಿ ಸಂಜೆ ಏಳಕ್ಕೆ ಶುರುವಾಗುವ ಆಟ ನಮಗೆ ಬೆಳಗಿನ ಜಾವ ನಾಲ್ಕೂವರೆಗೆ ಆಗುತ್ತದೆ. ನಾನು ಸುಬಹಿ ನಮಾಝ್ ಮುಗಿಸಿ, ಉಮ್ಮನಿಗೆ ಅಡುಗೆಮನೆಯಲ್ಲಿ ಕೈಜೋಡಿಸಿ, ಚಹಾ ಲೋಟ ಹಿಡಿದು ಕೂರುವಷ್ಟರಲ್ಲಿ ಅಲ್ಲಿ ಆಟ ಮುಗಿಯುತ್ತಾ ಬಂದಿರುತ್ತಿತ್ತು. "ಪರೀಕ್ಷೆ ಸಮಯದಲ್ಲೂ ಇಷ್ಟು ಶ್ರದ್ಧೆ ಇರಲಿಲ್ಲ ಇವಳಿಗೆ" ಎನ್ನುತ್ತಿದ್ದರು ಉಮ್ಮ.

ಈ ಹುಚ್ಚಿನ ಕಥೆಯಲ್ಲಿ ನನ್ನ ಅಣ್ಣನೂ ಇದ್ದಾನೆ. ನಾವು ಅವನನ್ನು ಕಾಕ ಎಂದು ಕರೆಯುತ್ತೇವೆ. ಬರೆಯಲೇ ಎಂದು ಕೇಳಿದಾಗ, "ಬರೆ, ಹೆಸರು ಮಾತ್ರ ಹಾಕಬೇಡ" ಎಂದ. ಹಾಗಾಗಿ ಹೆಸರಿಲ್ಲ.

ಪೆರ್ನಾಳ್ ಕಳೆದ ವಾರಕ್ಕೆ ನಮ್ಮ ಕುಟುಂಬದಲ್ಲಿ ಒಂದು ಮದುವೆ ಇತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಾಮ ರಜೆಯಲ್ಲಿ ಬಂದಿದ್ದರು. ಊಟ ಮುಗಿದು ಎಲ್ಲರೂ ಚಾವಡಿಯಲ್ಲಿ ಕುಳಿತಿದ್ದಾಗ ಅವರು ಮೊಬೈಲ್ ತೆಗೆದು ಒಂದು ಆಟ ತೋರಿಸಿದರು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯೇ 2001ರಿಂದ ನಡೆಸುತ್ತಿರುವ 'ಬೀಟ್ ದ ಸ್ಟ್ರೀಕ್' ಎಂಬ ಆಟ. ದಿನಕ್ಕೆ ಒಬ್ಬ ಆಟಗಾರನನ್ನು, ಬೇಕಿದ್ದರೆ ಇಬ್ಬರನ್ನು ಆರಿಸಬೇಕು. ಅವನು ಆ ದಿನ ಒಂದೇ ಒಂದು ಹಿಟ್ ಹೊಡೆದರೂ ಸಾಕು, ನಿಮ್ಮ ಲೆಕ್ಕ ಒಂದು ಹೆಚ್ಚುತ್ತದೆ. ಹೊಡೆಯದಿದ್ದರೆ ಮತ್ತೆ ಸೊನ್ನೆಯಿಂದ ಶುರು. ಹೀಗೆ ಸತತವಾಗಿ 57 ಸರಿ ಬಂದರೆ ಬಹುಮಾನ 56 ಲಕ್ಷ ಡಾಲರ್. ಆಡಲು ಹಣ ಕಟ್ಟಬೇಕಾಗಿಲ್ಲ. "ಇಷ್ಟು ವರ್ಷದಲ್ಲಿ ಯಾರೂ ಗೆದ್ದಿಲ್ಲ. ನಾನು 14ರವರೆಗೆ ಹೋಗಿ ಬಿದ್ದೆ" ಎಂದರು ಮಾಮ.

57 ಯಾಕೆ? ನ್ಯೂಯಾರ್ಕ್ ಯಾಂಕೀಸ್ ತಂಡದ ಜೋ ಡಿಮ್ಯಾಜಿಯೊ 1941ರ ಮೇ 15ರಿಂದ ಜುಲೈ 16ರವರೆಗೆ ಸತತ 56 ಪಂದ್ಯಗಳಲ್ಲಿ ಹಿಟ್ ಹೊಡೆದಿದ್ದ. ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಅದನ್ನು ನೀವು ಊಹೆಯಲ್ಲಾದರೂ ಮುರಿಯಿರಿ ಎಂಬುದೇ ಸವಾಲು.

ಕಾಕ ಎದ್ದು ಕುಳಿತ. "ನೀನು ಸ್ಟ್ಯಾಟಿಸ್ಟಿಕ್ಸ್ ಓದ್ತೀಯಲ್ಲ ಮಾರಾಯ್ತಿ. ಇದಕ್ಕೊಂದು ಫಾರ್ಮುಲಾ ಮಾಡು. ಬಂದರೆ ಕ್ರಿಕೆಟ್‌ಗೂ ಆಗ್ತದೆ" ಎಂದ.

ಕ್ರಿಕೆಟ್ ಎಂದದ್ದು ಯಾಕೆಂದು ನನಗೆ ಆಗ ಪೂರ್ತಿ ಗೊತ್ತಿರಲಿಲ್ಲ. ಅವನು ಪೇಟೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ದ್ವಿತೀಯ ಪಿಯುಸಿಯಲ್ಲಿ ಅಕೌಂಟೆನ್ಸಿ ಒಂದರಲ್ಲಿ ಫೇಲಾದ ಮೇಲೆ ಮತ್ತೆ ಕಟ್ಟಲಿಲ್ಲ. ಐಪಿಎಲ್ ಶುರುವಾದಾಗಿನಿಂದ ಒಂದು ಆ್ಯಪ್‌ನಲ್ಲಿ ತಂಡ ಕಟ್ಟುತ್ತಿದ್ದ, ಮೊದಲ ವಾರದಲ್ಲೇ ಗೆದ್ದಿದ್ದ. ಗೆದ್ದ ಹಣದಲ್ಲಿ ನಮಗೆಲ್ಲ ಐಸ್‌ಕ್ರೀಂ ತಂದದ್ದೂ ಹೌದು. ಜೂಜು ಹರಾಂ ಎಂದು ಮದ್ರಸದಲ್ಲಿ ಕಲಿತದ್ದು ಅವನಿಗೆ ಮರೆತಿರಲಿಲ್ಲ. ಆದರೆ ಆ ಆ್ಯಪ್ ಇದನ್ನು ಜೂಜು ಎನ್ನುತ್ತಿರಲಿಲ್ಲ, ಕೌಶಲ ಎನ್ನುತ್ತಿತ್ತು. ಅವನೂ ಹಾಗೆಯೇ ನಂಬಿದ್ದ.

ನಾವು ಮಾಮನ ಆಟಕ್ಕೆ ಸೇರಲಿಲ್ಲ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಅದರಲ್ಲೇ ಆಡಲು ತೀರ್ಮಾನಿಸಿದೆವು. ರಾತ್ರಿ ಮಲಗುವ ಮೊದಲು ಒಂದು ಹೆಸರು ಬರೆಯುವುದು, ಅವನು ಅಂದು ಆಡದಿದ್ದರೆ ಲೆಕ್ಕಕ್ಕೆ ಎರಡನೆಯ ಹೆಸರು. ಬೆಳಗ್ಗೆ ಸರಿ ಅಥವಾ ತಪ್ಪು ಗುರುತು. ಮಾಮ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ನನಗೆ ಸಿಕ್ಕಿತು. ಬೇಸ್‌ಬಾಲ್‌ನ ಅಂಕಿಅಂಶಗಳು ಅಂತರ್ಜಾಲದಲ್ಲಿ ಉಚಿತವಾಗಿ, ರಾಶಿರಾಶಿಯಾಗಿ ಸಿಗುತ್ತವೆ.

ಗೊತ್ತಿಲ್ಲದವರಿಗೆ ಆಟದ ಬಗ್ಗೆ ಎರಡು ಮಾತು. ಪಿಚರ್ ಎಸೆದ ಚೆಂಡನ್ನು ಬ್ಯಾಟರ್ ಮೈದಾನದೊಳಗೆ ಹೊಡೆದು, ಎದುರಾಳಿಗಳ ತಪ್ಪಿನಿಂದಲ್ಲದೆ ತನ್ನ ಹೊಡೆತದಿಂದಲೇ ಸುರಕ್ಷಿತವಾಗಿ ಮೊದಲ ಬೇಸ್ ತಲುಪಿದರೆ ಅದು ಹಿಟ್. ಪಿಚರ್ ನಾಲ್ಕು ಕೆಟ್ಟ ಚೆಂಡು ಎಸೆದರೆ ಬ್ಯಾಟರ್‌ಗೆ ಮೊದಲ ಬೇಸ್ ಬಿಟ್ಟಿಯಾಗಿ ಸಿಗುತ್ತದೆ, ಅದು ವಾಕ್, ಹಿಟ್ ಅಲ್ಲ. ಕ್ರಿಕೆಟ್‌ನಂತೆ ಔಟಾದರೆ ಮುಗಿಯಿತು ಎಂದಿಲ್ಲ, ಒಂಬತ್ತು ಜನ ಸುತ್ತು ಹಾಕಿ ಬರುತ್ತಿರುತ್ತಾರೆ. ಒಬ್ಬನಿಗೆ ಪಂದ್ಯದಲ್ಲಿ ನಾಲ್ಕೈದು ಸರದಿ ಸಿಗುತ್ತದೆ. ಹಿಟ್‌ಗಳನ್ನು ಸರದಿಗಳಿಂದ ಭಾಗಿಸಿದರೆ ಬರುವುದು ಬ್ಯಾಟಿಂಗ್ ಸರಾಸರಿ. ವಾಕ್ ಸಿಕ್ಕಿದ ಸರದಿಯನ್ನು ಅದರಲ್ಲಿ ಎಣಿಸುವುದಿಲ್ಲ. ಸರಾಸರಿ 0.300 ಇದ್ದರೆ ಅವನು ಒಳ್ಳೆಯ ಆಟಗಾರ. ಅಂದರೆ ಹತ್ತರಲ್ಲಿ ಏಳು ಸಲ ಸೋಲುವವನು ಅಲ್ಲಿ ಒಳ್ಳೆಯ ಆಟಗಾರ! ಇದೊಂದು ವಿಷಯಕ್ಕೇ ನನಗೆ ಆ ಆಟದ ಮೇಲೆ ಪ್ರೀತಿ ಹುಟ್ಟಿತು.

ಲೆಕ್ಕ ನಮ್ಮ ಪಠ್ಯಪುಸ್ತಕದ್ದೇ. ಒಂದು ಸರದಿಯಲ್ಲಿ ಹಿಟ್ ಸಿಗದಿರುವ ಸಂಭವನೀಯತೆ 0.7. ನಾಲ್ಕು ಸರದಿಯಲ್ಲೂ ಸಿಗದಿರಲು 0.7ನ್ನು ನಾಲ್ಕು ಸಲ ಗುಣಿಸಬೇಕು, ಉತ್ತರ 0.24. ಹಾಗಾಗಿ ಕನಿಷ್ಠ ಒಂದು ಹಿಟ್ ಸಿಗುವ ಸಂಭವನೀಯತೆ 0.76. ಐದು ಸರದಿ ಸಿಕ್ಕರೆ ಅದು 0.83ಕ್ಕೆ ಏರುತ್ತದೆ. ಸರಾಸರಿ ಎಷ್ಟು ಮುಖ್ಯವೋ ಸರದಿಗಳ ಸಂಖ್ಯೆಯೂ ಅಷ್ಟೇ ಮುಖ್ಯ ಎಂದು ಇದರಿಂದ ತಿಳಿಯಿತು. ಬ್ಯಾಟಿಂಗ್ ಕ್ರಮದಲ್ಲಿ ಮೊದಲಿಗೆ ಬರುವವನಿಗೆ ಐದನೇ ಸರದಿ ಸಿಗುವ ಅವಕಾಶ ಹೆಚ್ಚು. ತವರಿನ ತಂಡ ಮುಂದಿದ್ದರೆ ಒಂಬತ್ತನೇ ಇನಿಂಗ್ಸ್‌ನಲ್ಲಿ ಬ್ಯಾಟ್ ಮಾಡುವುದೇ ಇಲ್ಲ, ಆದ್ದರಿಂದ ಹೊರಗಿನಿಂದ ಬಂದ ತಂಡದವನಿಗೆ ತುಸು ಲಾಭ. ಆರನ್ ಜಡ್ಜ್‌ನಂಥ ದೈತ್ಯನಿಗೆ ಹೆದರಿ ಪಿಚರ್‌ಗಳು ವಾಕ್ ಕೊಟ್ಟುಬಿಡುತ್ತಾರೆ. 2024ರಲ್ಲಿ ಅವನಿಗೆ 133 ವಾಕ್ ಸಿಕ್ಕಿದ್ದವು. ಹೋಮ್‌ರನ್‌ಗೆ ಅವನು ಸರಿ. ನಮ್ಮ ಕೆಲಸಕ್ಕೆ ಲೂಯಿಸ್ ಅರಾಯೆಜ್‌ನಂಥವನು ಬೇಕು. ದೊಡ್ಡ ಹೊಡೆತವಿಲ್ಲ, ಆದರೆ ಚೆಂಡು ತಪ್ಪುವುದು ಬಹಳ ಅಪರೂಪ. 2022ರಿಂದ 2024ರವರೆಗೆ ಮೂರು ವರ್ಷ, ಮೂರು ಬೇರೆಬೇರೆ ತಂಡಗಳಲ್ಲಿ ಬ್ಯಾಟಿಂಗ್ ಸರಾಸರಿಯ ಪ್ರಶಸ್ತಿ ಗೆದ್ದವನು.

ಇನ್ನು ಎದುರಾಳಿ ಪಿಚರ್ ಯಾರು, ಅವನು ಎಡಗೈಯವನೋ ಬಲಗೈಯವನೋ, ಮೈದಾನ ಯಾವುದು ಎಂಬ ಕಾಲಂಗಳನ್ನೂ ಸೇರಿಸಿದೆ. ಡೆನ್ವರ್ ನಗರ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ತೆಳು, ಚೆಂಡು ದೂರ ಹಾರುತ್ತದೆ. ಅದಕ್ಕೆಂದೇ ಮೈದಾನವನ್ನೂ ದೊಡ್ಡದಾಗಿ ಮಾಡಿದ್ದಾರೆ, ಅದರಿಂದ ಚೆಂಡು ಬೀಳಲು ಖಾಲಿ ಜಾಗವೂ ಹೆಚ್ಚು. ಹಿಟ್ ಬಯಸುವವರಿಗೆ ಅದು ಸ್ವರ್ಗ. ಇದನ್ನೆಲ್ಲ ಎಕ್ಸೆಲ್‌ನಲ್ಲಿ ತುಂಬಿ, ಪ್ರತಿಯೊಬ್ಬನ ಹೆಸರಿನ ಮುಂದೆ ಒಂದು ಸಂಭವನೀಯತೆ ಬರುವಂತೆ ಮಾಡಿದೆ. ಅತಿ ಹೆಚ್ಚು ಬಂದವನು ಆ ದಿನದ ಆಯ್ಕೆ.

ಮೊದಲ 15 ದಿನದ ಫಲಿತಾಂಶ: 9 ಸರಿ, 6 ತಪ್ಪು. ಕಣ್ಣು ಮುಚ್ಚಿ ಆರಿಸಿದ್ದರೂ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತೇನೋ. ನನಗೆ ಅಳು ಬರುವುದೊಂದು ಬಾಕಿ. ಕಾಕ ಮಾತ್ರ, "ಫಾರ್ಮುಲಾ ಸರಿ ಇಲ್ಲ, ಇನ್ನೂ ನಾಲ್ಕು ಕಾಲಂ ಸೇರಿಸು" ಎಂದ.

ಪ್ರಥಮ ಪಿಯುಸಿ ಅಂಕಪಟ್ಟಿ ತರಲು ಕಾಲೇಜಿಗೆ ಹೋದಾಗ ಸ್ಟ್ಯಾಟಿಸ್ಟಿಕ್ಸ್ ಸರ್ ಸ್ಟಾಫ್ ರೂಮಿನಲ್ಲಿ ಸಿಕ್ಕರು. ನೋಟ್‌ಬುಕ್ ತೋರಿಸಿದೆ. ಅವರು ಪುಟ ತಿರುಗಿಸಿ ಒಂದೇ ಪ್ರಶ್ನೆ ಕೇಳಿದರು: "ಸರಾಸರಿ ಎಲ್ಲಿಂದ ತೆಗೆದುಕೊಂಡೆ?" ಈ ಸೀಸನ್‌ನದ್ದು ಸರ್, ಮೂರು ವಾರದ್ದು, ಹೊಸದಾದಷ್ಟು ಒಳ್ಳೆಯದಲ್ಲವೇ ಎಂದೆ. ಸರ್ ನಕ್ಕು, ಒಂದು ಖಾಲಿ ಹಾಳೆ ಎಳೆದುಕೊಂಡು ಈ ಕಥೆ ಹೇಳಿದರು.

ಬ್ರಾಡ್ಲಿ ಎಫ್ರನ್ ಮತ್ತು ಕಾರ್ಲ್ ಮಾರಿಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1970ರ ಸೀಸನ್‌ನ 18 ಆಟಗಾರರನ್ನು ಆರಿಸಿಕೊಂಡರು. ಪ್ರತಿಯೊಬ್ಬನ ಮೊದಲ 45 ಸರದಿಯ ಸರಾಸರಿಯನ್ನು ಮಾತ್ರ ನೋಡಿ, ಉಳಿದ ಇಡೀ ಸೀಸನ್‌ನಲ್ಲಿ ಅವನು ಹೇಗೆ ಆಡುತ್ತಾನೆ ಎಂದು ಹೇಳಬಹುದೇ ಎಂಬುದು ಪ್ರಶ್ನೆ. ಪಟ್ಟಿಯ ಮೇಲ್ತುದಿಯಲ್ಲಿದ್ದವನು ರಾಬರ್ಟೊ ಕ್ಲೆಮೆಂಟೆ, 45ರಲ್ಲಿ 18 ಹಿಟ್, ಸರಾಸರಿ 0.400. ಕೆಳಗಿನಿಂದ ಎರಡನೆಯವನು ಥರ್ಮನ್ ಮನ್ಸನ್ ಎಂಬ ಹೊಸ ಹುಡುಗ, 45ರಲ್ಲಿ 8 ಹಿಟ್, ಸರಾಸರಿ 0.178. ಹದಿನೆಂಟೂ ಜನರ ಒಟ್ಟು ಸರಾಸರಿ 0.265.

ಆ ಇಬ್ಬರು ಹೇಳಿದ ಉಪಾಯ ಇದು: 45 ಸರದಿ ಬಹಳ ಕಡಿಮೆ. ಅದರಲ್ಲಿ ಆಟಗಾರನ ಗುಣಕ್ಕಿಂತ ಅದೃಷ್ಟದ ಪಾಲೇ ಹೆಚ್ಚು. ಆದ್ದರಿಂದ ಪ್ರತಿಯೊಬ್ಬನ ಅಂಕಿಯನ್ನೂ ಒಟ್ಟು ಸರಾಸರಿಯ ಕಡೆಗೆ ಎಳೆಯಿರಿ. ಸರಾಸರಿಗಿಂತ ಅವನು ಎಷ್ಟು ಮೇಲಿದ್ದಾನೋ, ಎಷ್ಟು ಕೆಳಗಿದ್ದಾನೋ, ಅದರ ಐದನೇ ಒಂದು ಭಾಗವನ್ನಷ್ಟೇ ನಂಬಿರಿ. ಹೀಗೆ ಎಳೆದಾಗ ಕ್ಲೆಮೆಂಟೆ 0.294ಕ್ಕೆ ಇಳಿದ, ಮನ್ಸನ್ 0.247ಕ್ಕೆ ಏರಿದ. ಸೀಸನ್ ಮುಗಿದಾಗ ನೋಡಿದರೆ, ಹದಿನೆಂಟು ಜನರ ಒಟ್ಟು ದೋಷ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗಿತ್ತು.

"ಕ್ಲೆಮೆಂಟೆ ಏನಾದ ಸರ್?" ಎಂದೆ. "ಉಳಿದ ಸೀಸನ್‌ನಲ್ಲಿ 0.346. ಅವನು ನಿಜವಾಗಿಯೂ ದೊಡ್ಡ ಆಟಗಾರ. ಆದರೂ 0.400 ಉಳಿಯಲಿಲ್ಲ ನೋಡು" ಎಂದರು. ಮನೆಗೆ ಬಂದು ಅವನ ಬಗ್ಗೆ ಓದಿದೆ. ಪೋರ್ಟೊ ರಿಕೊ ದ್ವೀಪದವನು. 1972ರ ಡಿಸೆಂಬರ್ 31ರಂದು, ನಿಕರಾಗುವದ ಭೂಕಂಪ ಸಂತ್ರಸ್ತರಿಗೆ ನೆರವಿನ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಬಿದ್ದು ತೀರಿಕೊಂಡ. ಆಗ ಅವನ ಲೆಕ್ಕದಲ್ಲಿದ್ದ ಹಿಟ್‌ಗಳು ಸರಿಯಾಗಿ 3,000. ಮನ್ಸನ್? 0.178ರಲ್ಲಿದ್ದವನು ಉಳಿದ ಸೀಸನ್‌ನಲ್ಲಿ 0.316 ಹೊಡೆದು, ಅಮೆರಿಕನ್ ಲೀಗ್‌ನ ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಎನಿಸಿಕೊಂಡ. ಮೊದಲ 45 ಸರದಿ ನೋಡಿ ಅವನನ್ನು ಮನೆಗೆ ಕಳಿಸಿದ್ದರೆ?

ನಾನು ಕಾಲಂ ಸೇರಿಸಲಿಲ್ಲ. ಮೂರು ವರ್ಷದ ಅಂಕಿಗಳನ್ನು ಸೇರಿಸಿ, ಕಡಿಮೆ ಸರದಿ ಆಡಿದವರನ್ನು ಸರಾಸರಿಯ ಕಡೆಗೆ ಹೆಚ್ಚು ಎಳೆದೆ. ಮುಂದಿನ 45 ದಿನದಲ್ಲಿ 35 ಸರಿ ಬಂದವು. ಒಮ್ಮೆ ಸತತ 11 ಸರಿಯಾದವು. ಆ ಹನ್ನೊಂದನೇ ಬೆಳಗ್ಗೆ ಕಾಕ ಅಂಗಡಿಗೂ ಹೋಗದೆ ನನ್ನ ಪಕ್ಕದಲ್ಲೇ ಕುಳಿತಿದ್ದ. ಹನ್ನೆರಡನೇ ದಿನ ನನ್ನ ಆಯ್ಕೆಯವನಿಗೆ ನಾಲ್ಕು ಸರದಿಯಲ್ಲಿ ಒಂದೂ ಹಿಟ್ ಇಲ್ಲ.

ಮೇ ಕೊನೆಯ ವಾರ ದ್ವಿತೀಯ ಪಿಯುಸಿ ಪ್ರವೇಶಕ್ಕೆಂದು ಕಚೇರಿಗೆ ಹೋದಾಗ ಗೊತ್ತಾಯಿತು, ನನ್ನ ಮೊದಲ ಕಂತು ಕಟ್ಟಿಯೇ ಇರಲಿಲ್ಲ. ಉಪ್ಪ ಸೌದಿಯಿಂದ ಕಾಕನ ಖಾತೆಗೆ ಹಾಕಿದ್ದ ಎಂಟು ಸಾವಿರ ರೂಪಾಯಿ ಅದು. ನಾನು ಕೌಂಟರಿನಲ್ಲಿ ಏನೋ ಒಂದು ಸುಳ್ಳು ಹೇಳಿ ಹೊರಗೆ ಬಂದೆ. ಬಸ್‌ನಲ್ಲಿ ಕುಳಿತಾಗ ಕೈ ನಡುಗುತ್ತಿತ್ತು.

ರಾತ್ರಿ ಉಮ್ಮ ಮಲಗಿದ ಮೇಲೆ ಕಾಕನನ್ನು ಕೇಳಿದೆ. ಮೊದಲು ಸಿಟ್ಟು ಮಾಡಿದ. ಆಮೇಲೆ ಸುಮ್ಮನಾದ. "ಫೈನಲ್‌ನಷ್ಟರಲ್ಲಿ ವಾಪಸ್ ಬರ್ತದೆ. ನನಗೆ ಆಟ ಗೊತ್ತುಂಟು. ಶುರುವಿನಲ್ಲಿ ಗೆದ್ದದ್ದು ನೀನೇ ನೋಡಿದ್ದಿ" ಎಂದ. ನಾನು ಬೈಯಲಿಲ್ಲ. ಬೈಯಲು ಧೈರ್ಯವೂ ಇರಲಿಲ್ಲ. "ಮೊಬೈಲ್ ಕೊಡು, ಎಣಿಸೋಣ" ಎಂದೆ.

ಎಣಿಸಿದೆವು. ಮೊದಲ ಹತ್ತು ಸಲದಲ್ಲಿ ನಾಲ್ಕು ಗೆಲುವು. ಅಂದರೆ 0.400, ಥೇಟ್ ಕ್ಲೆಮೆಂಟೆ. ನಂತರದ 51 ಸಲದಲ್ಲಿ ಗೆದ್ದದ್ದು ಐದು. ಕಟ್ಟಿದ್ದು 16,350 ರೂಪಾಯಿ, ಬಂದದ್ದು 5,900. ಅವನ ನೆನಪಿನಲ್ಲಿ ಉಳಿದಿದ್ದದ್ದು ಆ ಮೊದಲ ನಾಲ್ಕು ಮಾತ್ರ. ಸೋತದ್ದೆಲ್ಲ ಅವನ ಲೆಕ್ಕದಲ್ಲಿ ಯಾರದೋ ತಪ್ಪು: ಒಮ್ಮೆ ಮಳೆ, ಒಮ್ಮೆ ಅಂಪೈರ್, ಒಮ್ಮೆ ಕೊನೆ ಗಳಿಗೆಯಲ್ಲಿ ತಂಡ ಬದಲಾದದ್ದು.

ಮತ್ತೆ ನನ್ನ ನೋಟ್‌ಬುಕ್ ತೆರೆದೆ. "ನನ್ನದನ್ನೂ ನೋಡು. ಒಟ್ಟು 50 ದಿನ ದಾಟಿದೆ. ನಾಲ್ಕರಲ್ಲಿ ಮೂರು ಸರಿ ಬರ್ತದೆ, ಒಂದು ತಪ್ತದೆ. ಎಷ್ಟು ಕಾಲಂ ಹಾಕಿದ್ರೂ ಆ ಒಂದು ತಪ್ಪು ಹೋಗುವುದಿಲ್ಲ" ಎಂದು ಹೇಳಿ ಕ್ಯಾಲ್ಕುಲೇಟರ್ ಅವನ ಕೈಗೇ ಕೊಟ್ಟೆ. 0.75ನ್ನು 57 ಸಲ ಗುಣಿಸಿದರೆ ಸುಮಾರು 1.3 ಕೋಟಿಯಲ್ಲಿ ಒಂದು ಅವಕಾಶ. ಪ್ರತಿದಿನ 0.80ರ ಆಯ್ಕೆ ಸಿಕ್ಕಿದರೂ ಸುಮಾರು 3.34 ಲಕ್ಷದಲ್ಲಿ ಒಂದು. ಯಾರಿಗೂ ಸಿಗದ 0.90 ಸಿಕ್ಕಿದರೂ ಸುಮಾರು 400ರಲ್ಲಿ ಒಂದು. ಅವನು ಎರಡು ಸಲ ಗುಣಿಸಿ ನೋಡಿದ.

"ಡಿಮ್ಯಾಜಿಯೊ ಹೊಡೆದನಲ್ಲ?" ಎಂದ ಕೊನೆಗೆ.

ಹೊಡೆದ. ಆ ವರ್ಷ ಅವನ ಸರಾಸರಿ 0.357. ಪಂದ್ಯಕ್ಕೆ ನಾಲ್ಕು ಸರದಿ ಎಂದು ಹಿಡಿದರೆ ಒಂದು ದಿನದ ಸಂಭವನೀಯತೆ ಸುಮಾರು 0.83. ಅಂಥವನಿಗೂ 56 ದಿನ ಸತತ ಬರುವ ಅವಕಾಶ ಸುಮಾರು 36,000ದಲ್ಲಿ ಒಂದು. ಜುಲೈ 17ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಅದು ಮುರಿಯಿತು. ಅವನು ಅಂದು ಕೆಟ್ಟದಾಗಿ ಆಡಿದ್ದ ಎಂದಲ್ಲ. ಮೂರನೇ ಬೇಸ್‌ನಲ್ಲಿದ್ದ ಕೆನ್ ಕೆಲ್ಟ್‌ನರ್ ಎರಡು ಗಟ್ಟಿ ಹೊಡೆತಗಳನ್ನು ಅದ್ಭುತವಾಗಿ ತಡೆದ. ಮರುದಿನದಿಂದ ಡಿಮ್ಯಾಜಿಯೊ ಮತ್ತೆ ಸತತ 16 ಪಂದ್ಯಗಳಲ್ಲಿ ಹಿಟ್ ಹೊಡೆದ. ಅಷ್ಟು ದೊಡ್ಡ ಆಟಗಾರನಿಗೂ ಅದೃಷ್ಟದ ಪಾಲು ಬೇಕಿತ್ತು. "ಅವನು ಕಟ್ಟಿದ್ದು ಬೆವರು, ಉಪ್ಪ ಕಳಿಸಿದ ಹಣ ಅಲ್ಲ" ಎಂದುಬಿಟ್ಟೆ. ಹೇಳಿದ ಮೇಲೆ ನನಗೇ ನೋವಾಯಿತು.

ಕಾಕ ಬಹಳ ಹೊತ್ತು ನೋಟ್‌ಬುಕ್ ತಿರುಗಿಸುತ್ತಿದ್ದ. ಸರ್ ಬರೆದುಕೊಟ್ಟ ಹಾಳೆ ಅದರಲ್ಲೇ ಇತ್ತು. "ಇದು ಯಾರು, 0.178?" ಎಂದು ಕೇಳಿದ. ಮನ್ಸನ್‌ನ ಕಥೆ ಹೇಳಿದೆ. ಅವನು ಸ್ವಲ್ಪ ಹೊತ್ತು ಬಿಟ್ಟು, ನನ್ನ ಮುಖ ನೋಡದೆ ಹೇಳಿದ: "ಹಾಗಾದರೆ ನನ್ನ ಅಕೌಂಟೆನ್ಸಿ ಪರೀಕ್ಷೆ? ಅದು ಒಂದೇ ಸರದಿ ಅಲ್ವಾ?"

ನಾನು ಈ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲ. ಅವನ ಮೊದಲ ನಾಲ್ಕು ಗೆಲುವನ್ನು ನಂಬಬಾರದು ಎಂದು ತೋರಿಸಲು ಅಷ್ಟೆಲ್ಲ ಲೆಕ್ಕ ಹಾಕಿದವಳು ನಾನು. ಆದರೆ ಅವನ ಒಂದು ಸೋಲನ್ನು ನಾನೂ ಸೇರಿ ಮನೆಯವರೆಲ್ಲ ಪೂರ್ತಿಯಾಗಿ ನಂಬಿಬಿಟ್ಟಿದ್ದೆವು. "ಅವನಿಗೆ ಓದು ಹತ್ತುವುದಿಲ್ಲ" ಎಂದು ಎಷ್ಟು ಸಲ ಹೇಳಿದ್ದೆವೋ. ಅವನೂ ಅದನ್ನೇ ನಂಬಿದ್ದ. ಸಣ್ಣ ಲೆಕ್ಕ ಮೋಸ ಮಾಡುವುದು ಒಂದೇ ದಿಕ್ಕಿನಲ್ಲಲ್ಲ. ಗೆದ್ದವನನ್ನು ಮೇಲಕ್ಕೆತ್ತಿ ಮರುಳು ಮಾಡುತ್ತದೆ, ಸೋತವನನ್ನು ಕೆಳಗೇ ಕೂರಿಸಿಬಿಡುತ್ತದೆ.

ಆ ರಾತ್ರಿ ಅವನು ಆ್ಯಪ್ ತೆಗೆದುಹಾಕಿದ. ಜೂನ್ 3ರ ಫೈನಲ್‌ನಲ್ಲಿ ಬೆಂಗಳೂರು ತಂಡ ಗೆದ್ದಾಗ, ಆ ಸೀಸನ್‌ನಲ್ಲಿ ಪೈಸೆ ಕಟ್ಟದೆ ಅವನು ನೋಡಿದ ಪಂದ್ಯ ಅದೊಂದೇ ಆಗಿತ್ತು. ನನ್ನ ಫೀಸನ್ನು ಎರಡು ತಿಂಗಳ ಸಂಬಳದಿಂದ ಕಟ್ಟಿದ. ಉಪ್ಪನಿಗೆ ಅವನೇ ಫೋನ್ ಮಾಡಿ ಹೇಳಿದ. ಹಣ ಕಟ್ಟುವ ಇಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ದೇಶದಲ್ಲಿ ಬಂದದ್ದು ಆಮೇಲೆ, ಆಗಸ್ಟ್‌ನಲ್ಲಿ.

ನನ್ನ 60 ದಿನದ ಲೆಕ್ಕ ಜೂನ್ ಮೊದಲ ವಾರದಲ್ಲಿ ಮುಗಿಯಿತು. ಒಟ್ಟು 60ರಲ್ಲಿ 44 ಸರಿ. ಹೆಮ್ಮೆಯಿಂದ ಸರ್ ಬಳಿಗೆ ಹೋದೆ. "ಯಾವ ಮಾದರಿಯೂ ಇಲ್ಲದೆ, ದಿನವೂ ಆಡುವವರಲ್ಲಿ ಅತಿ ಹೆಚ್ಚು ಸರಾಸರಿಯವನನ್ನು ಆರಿಸಿದ್ದರೆ ಎಷ್ಟು ಬರುತ್ತಿತ್ತು?" ಎಂದು ಕೇಳಿದರು. ಹಿಂದಕ್ಕೆ ಹೋಗಿ ಎಣಿಸಿದೆ: 42. ಅಷ್ಟೆಲ್ಲ ಕಾಲಂ, ನಿದ್ದೆಗೆಟ್ಟ ರಾತ್ರಿಗಳು, ಉಳಿದ ವ್ಯತ್ಯಾಸ ಎರಡು. "60 ಸಲದಲ್ಲಿ 0.75ರ ಆಯ್ಕೆಗೆ ಪ್ರಮಾಣ ವಿಚಲನೆ ಎಷ್ಟು?" ಎಂದರು ಸರ್. ದ್ವಿಪದ ವಿತರಣೆಯ ಸೂತ್ರ ಹಾಕಿದೆ. ಮೂರಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಆ ಎರಡು ಬರೀ ಅದೃಷ್ಟವೂ ಆಗಿರಬಹುದು. ನನ್ನ 60 ದಿನವೂ ಮನ್ಸನ್‌ನ 45 ಸರದಿಯಂತೆಯೇ!

"ಹಾಗಾದರೆ ಎಲ್ಲ ವ್ಯರ್ಥವಾ ಸರ್?" ಎಂದೆ. "ನಿನ್ನ ಮಾದರಿ 0.76 ಎಂದಿತ್ತು, ಬಂದದ್ದು 0.73. ಎಷ್ಟು ಸಲ ತಪ್ಪುತ್ತೇನೆ ಎಂದು ಅದು ಮೊದಲೇ ಹೆಚ್ಚುಕಡಿಮೆ ಸರಿಯಾಗಿ ಹೇಳಿತ್ತು. ಅಷ್ಟು ಹೇಳುವವರು ಎಷ್ಟು ಜನ ಸಿಗುತ್ತಾರೆ?" ಎಂದರು.

ಕಾಕ ಬರುವ ಪರೀಕ್ಷೆಗೆ ಅಕೌಂಟೆನ್ಸಿ ಕಟ್ಟುತ್ತಿದ್ದಾನೆ. ಅಂಗಡಿ ಮುಚ್ಚಿ ಬಂದು ರಾತ್ರಿ ಹತ್ತರಿಂದ ನನ್ನ ಪುಸ್ತಕದಲ್ಲೇ ಓದುತ್ತಾನೆ. ಪಾಲುದಾರಿಕೆ ಸಂಸ್ಥೆಯ ಲೆಕ್ಕದಲ್ಲಿ ಇಬ್ಬರೂ ಸಿಕ್ಕಿಹಾಕಿಕೊಂಡು ಜಗಳವಾಡುತ್ತೇವೆ. ಪಾಸಾಗುತ್ತಾನೋ ಇಲ್ಲವೋ ಗೊತ್ತಿಲ್ಲ. ಮೊನ್ನೆ ನೋಟ್‌ಬುಕ್‌ನ ಖಾಲಿ ಪುಟದಲ್ಲಿ ತನ್ನ ಹೆಸರು ಬರೆದು, "ಇದಕ್ಕೆ ಎಷ್ಟು ಹಾಕ್ತೀ?" ಎಂದು ಕೇಳಿದ. ನಾನು ಪೆನ್ ಹಿಡಿದು ಯೋಚಿಸಿದೆ. ಆಮೇಲೆ, "ಇನ್ನೂ ಸರದಿ ಸಾಲದು. ಆಡು, ಎಣಿಸೋಣ" ಎಂದೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ